ಬಾಗಲಕೋಟೆ ಜಿಲ್ಲೆಯ ಮತದಾರರು ಮತ್ತು ಮುಂಬರುವ ವಿಧಾನಸಭಾ ಚುನಾವಣೆ

2008ರ ವಿಧಾನಸಭಾ ಚುನಾವಣೆಯಲ್ಲಿ ಬಾಗಲಕೋಟೆ ಜಿಲ್ಲೆಯ ಏಳೂ ಕ್ಷೇತ್ರಗಳು ಭಾರತೀಯ ಜನತಾ ಪಕ್ಷದ ಪಾಲಾದವು. 2013ರಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಮುಧೋಳ ಒಂದೇ. ಮಿಕ್ಕ ಆರನ್ನೂ ಕಾಂಗ್ರೆಸ್ ಗೆದ್ದುಕೊಂಡಿತು. 2018ರಲ್ಲಿ ಬಿಜೆಪಿಗೆ ಐದು, ಕಾಂಗ್ರೆಸ್ಸಿಗೆ ಎರಡು. 2023ರಲ್ಲಿ ಇದೇ ಲೆಕ್ಕ ತಿರುವುಮುರುವಾಯಿತು. ಪ್ರಸ್ತುತ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯಲಿದ್ದು, ಮುಂದಿನ ಸಾರ್ವತ್ರಿಕ ಚುನಾವಣೆಯ ಮಾತು ಈಗಾಗಲೇ ಪೇಟೆಯ ಅಂಗಡಿಕಟ್ಟೆಗಳಲ್ಲಿ ಕೇಳಿಬರುತ್ತಿದೆ. ಯಾವ ಪಕ್ಷ ಗೆಲ್ಲುವುದೆಂಬ ಊಹೆಗಿಂತ, ಈ ಜಿಲ್ಲೆಯ ಮತದಾರ ಹೀಗೇಕೆ ನಡೆದುಕೊಳ್ಳುತ್ತಾನೆ ಮತ್ತು ಅದರಿಂದ ವ್ಯಾಪಾರ–ಉದ್ದಿಮೆಗಳ ಮೇಲೆ ಆಗುವ ಪರಿಣಾಮವೇನು ಎಂಬುದನ್ನು ಅರಿಯುವುದು ವರ್ತಕರಿಗೆ ಹೆಚ್ಚು ಉಪಯುಕ್ತ.

ಈ ತಿರುವುಗಳಲ್ಲಿ ಒಂದು ವಿಶೇಷವಿದೆ. ಹುನಗುಂದದಲ್ಲಿ 2008ರಲ್ಲಿ ದೊಡ್ಡನಗೌಡ ಪಾಟೀಲ, 2013ರಲ್ಲಿ ವಿಜಯಾನಂದ ಕಾಶಪ್ಪನವರ, 2018ರಲ್ಲಿ ಮತ್ತೆ ಪಾಟೀಲ, 2023ರಲ್ಲಿ ಮತ್ತೆ ಕಾಶಪ್ಪನವರ ಗೆದ್ದರು. ಬೀಳಗಿಯಲ್ಲಿ ಮುರುಗೇಶ ನಿರಾಣಿ ಹಾಗೂ ಜೆ.ಟಿ. ಪಾಟೀಲ, ಬಾಗಲಕೋಟೆಯಲ್ಲಿ ವೀರಣ್ಣ ಚರಂತಿಮಠ ಹಾಗೂ ಎಚ್.ವೈ. ಮೇಟಿ ಇದೇ ರೀತಿ ಸರದಿಯಂತೆ ಆಯ್ಕೆಯಾದರು. ಮಗ್ಗದ ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿಬರುವಂತೆ ಅಧಿಕಾರವು ಇಬ್ಬರ ನಡುವೆಯೇ ಓಡಾಡಿದೆ. ಮತದಾರ ಹೊಸ ಮುಖವನ್ನು ಹುಡುಕಿದ್ದಕ್ಕಿಂತ ಹಳೆಯ ಮುಖವನ್ನು ಐದು ವರ್ಷ ಮನೆಯಲ್ಲಿ ಕೂರಿಸಿ ಪುನಃ ಕರೆಸಿಕೊಂಡದ್ದೇ ಹೆಚ್ಚು. ಮೇಟಿಯವರು 2025ರ ನವೆಂಬರ್‌ನಲ್ಲಿ ನಿಧನರಾದುದರಿಂದ ಬಾಗಲಕೋಟೆಯ ಮಟ್ಟಿಗೆ ಈ ಸರಣಿ ಕಡಿದುಹೋಯಿತು. ತೆರವಾದ ಸ್ಥಾನಕ್ಕೆ ಉಪಚುನಾವಣೆ ಅಗತ್ಯವಾಯಿತು.

ಆದರೆ ಈ ಪ್ರದೇಶ ಮೊದಲಿನಿಂದಲೂ ಹೀಗೆ ಚಂಚಲವಾಗಿರಲಿಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಜಮಖಂಡಿ ಮತ್ತು ಮುಧೋಳ ದೇಶೀಯ ಸಂಸ್ಥಾನಗಳು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ವಿಶಾಲ ಮೈಸೂರು ರಾಜ್ಯದ ರಾಜಕಾರಣದಲ್ಲಿ ಈ ಭಾಗಕ್ಕೆ ದೊರೆತ ಸ್ಥಾನ ಅಚ್ಚರಿ ಹುಟ್ಟಿಸುವಂಥದು. 1958ರಲ್ಲಿ ಜಮಖಂಡಿಯ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದರೂ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆಗ ವಿಧಾನಸಭೆಯ ಅಧ್ಯಕ್ಷರಾಗಿದ್ದ ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿ ಪದವಿಯನ್ನು ನಿರ್ವಹಿಸಿದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದೊಡನೆ ಆ ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟರು. ಕುರ್ಚಿ ಬಿಡುವ ಪ್ರಸಂಗಗಳು ವಿರಳವಾಗಿರುವ ಕಾಲದಲ್ಲಿ ಕಂಠಿಯವರ ಹೆಸರನ್ನು ಹಿರಿಯರು ಇಂದಿಗೂ ನೆನೆಯುವುದು ಸಹಜ. ಅಂತೂ ಸತತವಾಗಿ ಮೂವರು ಮುಖ್ಯಮಂತ್ರಿಗಳಿಗೆ ಇಂದಿನ ಬಾಗಲಕೋಟೆ ಜಿಲ್ಲೆಯ ನೆಲವೇ ಆಧಾರವಾಗಿತ್ತು.

ಆ ಸ್ಥಿರತೆ ಮುರಿದದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು 1990ರ ದಶಕದ ಲೋಕಸಭಾ ಚುನಾವಣೆಗಳಲ್ಲಿ. ಚಿಕ್ಕಪಡಸಲಗಿಯಲ್ಲಿ ರೈತರನ್ನು ಸಂಘಟಿಸಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದೇಶದ ಗಮನ ಸೆಳೆದರು. 1996ರಲ್ಲಿ ಜನತಾದಳದ ಮೇಟಿ, 1998ರಲ್ಲಿ ಹೆಗಡೆಯವರೇ ಸ್ಥಾಪಿಸಿದ ಲೋಕಶಕ್ತಿಯ ಅಜಯಕುಮಾರ ಸರನಾಯಕ, 1999ರಲ್ಲಿ ಕಾಂಗ್ರೆಸ್ಸಿನ ಆರ್.ಎಸ್. ಪಾಟೀಲ ಗೆದ್ದರು. 2004ರಿಂದೀಚೆಗೆ ಮಾತ್ರ ಬಿಜೆಪಿಯ ಪಿ.ಸಿ. ಗದ್ದಿಗೌಡರ ಐದು ಬಾರಿ ಸತತವಾಗಿ ಆಯ್ಕೆಯಾಗಿದ್ದಾರೆ. ದಿಲ್ಲಿಗೆ ಒಬ್ಬರನ್ನೇ ಕಳುಹಿಸುತ್ತ ಬೆಂಗಳೂರಿಗೆ ಮಾತ್ರ ಪ್ರತಿ ಬಾರಿ ಬೇರೆಯವರನ್ನು ಕಳುಹಿಸುವ ಮತದಾರನನ್ನು ಕೇವಲ ಪಕ್ಷದ ಅಥವಾ ಜಾತಿಯ ಲೆಕ್ಕದಿಂದ ಅಳೆಯಲಾಗದು. 2019ರಲ್ಲಿ 1.68 ಲಕ್ಷದಷ್ಟಿದ್ದ ಗೆಲುವಿನ ಅಂತರ 2024ರಲ್ಲಿ ಸುಮಾರು 68 ಸಾವಿರಕ್ಕೆ ಇಳಿದುದೂ ಗಮನಾರ್ಹ.

ಜಾತಿಯ ಲೆಕ್ಕವೇ ಇಲ್ಲವೆಂದಲ್ಲ. ಲಿಂಗಾಯತರಲ್ಲಿ ಪಂಚಮಸಾಲಿ, ಬಣಜಿಗ, ಗಾಣಿಗ ಮೊದಲಾದ ಒಳಪಂಗಡಗಳು, ಕುರುಬರು, ವಾಲ್ಮೀಕಿಗಳು, ನೇಕಾರ ಸಮುದಾಯಗಳು, ಮುಸ್ಲಿಮರು, ಪರಿಶಿಷ್ಟರು ಪ್ರತಿ ಕ್ಷೇತ್ರದಲ್ಲೂ ಬೇರೆಬೇರೆ ಪ್ರಮಾಣದಲ್ಲಿದ್ದಾರೆ. ಮೀಸಲಾತಿಗಾಗಿ ಪಂಚಮಸಾಲಿ ಪಾದಯಾತ್ರೆ 2021ರ ಜನವರಿಯಲ್ಲಿ ಹೊರಟದ್ದು ಹುನಗುಂದ ಕ್ಷೇತ್ರದ ಕೂಡಲಸಂಗಮದಿಂದಲೇ. ಬಾದಾಮಿಯಲ್ಲಿ 2018ರಲ್ಲಿ ಸಿದ್ದರಾಮಯ್ಯನವರು 67,599 ಮತ ಪಡೆದರೆ ಬಿ. ಶ್ರೀರಾಮುಲು 65,903 ಮತ ಪಡೆದರು. ಅಂತರ 1,696 ಮಾತ್ರ. ಮೂರನೆಯ ಸ್ಥಾನದಲ್ಲಿದ್ದ ಜನತಾದಳ ಅಭ್ಯರ್ಥಿ ಗಳಿಸಿದ್ದು 24 ಸಾವಿರಕ್ಕೂ ಅಧಿಕ. ಕುರುಬ ಮತ್ತು ವಾಲ್ಮೀಕಿ ಸಮುದಾಯಗಳ ಬಲವನ್ನು ಕುರಿತ ಲೆಕ್ಕಾಚಾರವೇ ಇಬ್ಬರು ನಾಯಕರನ್ನೂ ಹೊರಗಿನಿಂದ ಬಾದಾಮಿಗೆ ತಂದಿತ್ತು. 2023ರಲ್ಲಿ ಇಬ್ಬರೂ ಅಲ್ಲಿರಲಿಲ್ಲ; ಗೆದ್ದವರು ಸ್ಥಳೀಯರಾದ ಭೀಮಸೇನ ಚಿಮ್ಮನಕಟ್ಟಿ.

2008ರ ಕ್ಷೇತ್ರ ಪುನರ್ವಿಂಗಡಣೆಯನ್ನೂ ಇಲ್ಲಿ ಹೇಳಬೇಕು. ಅದರಿಂದ ಗುಳೇದಗುಡ್ಡ ಕ್ಷೇತ್ರ ರದ್ದಾಯಿತು, ತೇರದಾಳ ಹೊಸದಾಗಿ ಹುಟ್ಟಿತು. ಖಣದ ಪಟ್ಟಣವಾದ ಗುಳೇದಗುಡ್ಡ ಬಾದಾಮಿಯಲ್ಲಿ ಸೇರಿಹೋಯಿತು. ಸೀರೆ ಮತ್ತು ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್, ಹುನಗುಂದಕ್ಕಿಂತ ದೊಡ್ಡ ಪಟ್ಟಣವಾದರೂ ಆ ಕ್ಷೇತ್ರದ ಹೆಸರಿನಡಿಯಲ್ಲೇ ಇದೆ. ನೇಕಾರ ಪಟ್ಟಣಗಳಲ್ಲಿ ಹೆಚ್ಚಿನ ಸ್ವಂತಿಕೆ ಉಳಿಸಿಕೊಂಡದ್ದು ರಬಕವಿ–ಬನಹಟ್ಟಿಯನ್ನು ಒಳಗೊಂಡ ತೇರದಾಳ ಮಾತ್ರ. ನೂಲಿನ ದರ, ವಿದ್ಯುತ್ ರಿಯಾಯಿತಿ, ಸಹಕಾರಿ ಸಂಘದ ಸಾಲ ಇವು ಅಲ್ಲಿ ಚುನಾವಣೆಯ ವಿಷಯಗಳಾಗುತ್ತವೆ. ಇಳಕಲ್ ಮತ್ತು ಗುಳೇದಗುಡ್ಡದಲ್ಲಿ ಗ್ರಾಮೀಣ ಮತಗಳ ನಡುವೆ ಮರೆಯಾಗುತ್ತವೆ.

ಮತದಾರನ ಅಸಮಾಧಾನದ ಬೇರು ಇರುವುದು ನೀರಿನಲ್ಲಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಂತಾಗ ಬಾಗಲಕೋಟೆಯ ಹಳೆಯ ಪೇಟೆಯ ದೊಡ್ಡ ಭಾಗ ಮುಳುಗಿ, ಜನ ನವನಗರಕ್ಕೆ ಸ್ಥಳಾಂತರಗೊಂಡರು. ಅಂಗಡಿಗೆ ಪರಿಹಾರ ಬರಬಹುದು, ತಲೆಮಾರುಗಳ ಗಿರಾಕಿಗೆ ಬರುವುದಿಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿತು. 2013ರ ಜನವರಿಯಲ್ಲಿ ಕಾಂಗ್ರೆಸ್ ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಮಾಡಿ ವರ್ಷಕ್ಕೆ 10,000 ಕೋಟಿ ರೂ. ವೆಚ್ಚ ಮಾಡುವ ಭರವಸೆ ನೀಡಿತು. 2022–23ರ ಬಜೆಟಿನಲ್ಲಿ ಬಿಜೆಪಿ ಸರ್ಕಾರ 5,000 ಕೋಟಿ ರೂ. ಘೋಷಿಸಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗಲಿರುವ ಸುಮಾರು 75 ಸಾವಿರ ಎಕರೆಗೆ, ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂ. ದರವನ್ನು ಒಪ್ಪಿಕೊಂಡಿತು. ಈ ಹಣ ಎಷ್ಟು ಬೇಗ ಮತ್ತು ಎಷ್ಟು ಕಂತುಗಳಲ್ಲಿ ಕೈಸೇರುವುದೆಂಬುದರ ಮೇಲೆ ಬೀಳಗಿ ಮತ್ತು ಬಾಗಲಕೋಟೆಯ ಮಾರುಕಟ್ಟೆಯೂ ಮತಪೆಟ್ಟಿಗೆಯೂ ಅವಲಂಬಿಸಿವೆ. ಐದು ವರ್ಷದಲ್ಲಿ ಮುಗಿಯದ ಕೆಲಸಕ್ಕೆ ಐದು ವರ್ಷಕ್ಕೊಮ್ಮೆ ಲೆಕ್ಕ ಕೇಳಲಾಗುತ್ತದೆ, ಅಧಿಕಾರದಲ್ಲಿದ್ದವರು ಸೋಲುತ್ತಾರೆ. 2010ರ ಸುಮಾರಿಗೆ ಮಂಜೂರಾದ ಬಾಗಲಕೋಟೆ–ಕುಡಚಿ ರೈಲು ಮಾರ್ಗ ದೀರ್ಘಕಾಲ ಖಜ್ಜಿಡೋಣಿಯ ಬಳಿಯೇ ನಿಂತದ್ದೂ ಇಂಥದೇ ಕಥೆ.

ಇನ್ನು ವರ್ತಕರ ನೇರ ಹಿತಕ್ಕೆ ಸಂಬಂಧಿಸಿದ ಸಂಗತಿ. 2008ರಿಂದೀಚಿನ ನಾಲ್ಕೂ ವಿಧಾನಸಭಾ ಚುನಾವಣೆಗಳ ಮತದಾನ ಮೇ ತಿಂಗಳಲ್ಲಿ ನಡೆದಿದೆ. 2018ರಲ್ಲಿ ಮಾರ್ಚ್ 27ರಂದು, 2023ರಲ್ಲಿ ಮಾರ್ಚ್ 29ರಂದು ನೀತಿಸಂಹಿತೆ ಜಾರಿಗೆ ಬಂದಿತ್ತು. ಅಂದರೆ ಲಗ್ನಸರಾಯಿಯ ಪೂರ್ತಿ ಅವಧಿ ತಪಾಸಣಾ ಠಾಣೆಗಳ ಕಾಲವೇ ಆಗುತ್ತದೆ. ಅಂತರ ಕಿರಿದಾದ ಕ್ಷೇತ್ರಗಳಲ್ಲಿ ಆಮಿಷದ ಅನುಮಾನ ಹೆಚ್ಚು, ತಪಾಸಣೆಯೂ ಬಿಗಿ. ಕಂತೆಗಟ್ಟಲೆ ಸೀರೆ ಸಾಗಿಸುವ ಇಳಕಲ್ ವ್ಯಾಪಾರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. 50 ಸಾವಿರ ರೂ. ಮೀರಿದ ನಗದಿಗೆ ಬ್ಯಾಂಕಿನಿಂದ ತೆಗೆದ ದಾಖಲೆ ಅಥವಾ ಮಾರಾಟದ ರಸೀದಿ, ಸರಕಿಗೆ ತೆರಿಗೆ ಬಿಲ್ಲು ಹಾಗೂ ಇ–ವೇ ಬಿಲ್ ವಾಹನದಲ್ಲೇ ಇರಬೇಕು. ವಶಪಡಿಸಿಕೊಂಡ ಹಣದ ಬಗ್ಗೆ ದೂರು ಆಲಿಸಲು ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ದಾಖಲೆ ಸರಿಯಿದ್ದರೆ ಬಿಡುಗಡೆಗೆ ಅಲ್ಲಿಗೆ ಅರ್ಜಿ ಸಲ್ಲಿಸಬಹುದು.

ಮುದ್ರಣಾಲಯದವರು ಪ್ರಜಾಪ್ರತಿನಿಧಿ ಕಾಯ್ದೆಯ 127–ಎ ಕಲಮನ್ನು ಮರೆಯಬಾರದು. ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರ ಘೋಷಣಾಪತ್ರದೊಡನೆ ಪ್ರತಿಯನ್ನು ಜಿಲ್ಲಾ ದಂಡಾಧಿಕಾರಿಗೆ ಕಳುಹಿಸಬೇಕು. ತಪ್ಪಿದಲ್ಲಿ ಆರು ತಿಂಗಳವರೆಗೆ ಸೆರೆವಾಸ, 2,000 ರೂ.ವರೆಗೆ ದಂಡ ಅಥವಾ ಎರಡೂ ಉಂಟು. ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷ ರೂ.ಗೆ ಏರಿಸಲಾಯಿತು, ಶಾಮಿಯಾನ, ವಾಹನ, ಊಟದ ಗುತ್ತಿಗೆ ಹಿಡಿಯುವವರು ಬಿಲ್ಲನ್ನು ಅಭ್ಯರ್ಥಿಯ ಹೆಸರಿನಲ್ಲಿಯೇ ಮಾಡುವುದು ಕ್ಷೇಮ, ಉದ್ದರಿ ಕೊಡದಿರುವುದು ಇನ್ನೂ ಕ್ಷೇಮ. ಅದೇ ಕಾಯ್ದೆಯ 135–ಬಿ ಕಲಮಿನಂತೆ ಮತದಾನದ ದಿನ ಅಂಗಡಿ, ಕಾರ್ಖಾನೆಗಳ ಮತದಾರ ನೌಕರರಿಗೆ ವೇತನಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ.