ರೇಡಿಯೋದ ಕಿವಿ ತಿರುವಿದಾಗ

ಪುಣೆಯಲ್ಲಿ ನೆಲೆನಿಂತ ನಮ್ಮಂಥ ಕನ್ನಡ ಮನೆಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಮನೆಯ ಹಿರಿಯರು ರೇಡಿಯೋದ ಮುಂದೆ ಕುಳಿತು ಅದರ ಕಿವಿಯನ್ನು ಕೂದಲೆಳೆಯಷ್ಟೇ ತಿರುವುತ್ತಿದ್ದರು. ಕರಕರ ಸದ್ದಿನ ನಡುವಿನಿಂದ ಧಾರವಾಡ ಬಂದಿತೆಂದರೆ ಎಲ್ಲರೂ ತೆಪ್ಪಗಾಗಬೇಕು. ಹಗಲು ಈ ಆಟ ನಡೆಯದು. ಮೀಡಿಯಂ ವೇವಿನ ಅಲೆಗಳಲ್ಲಿ ಮೇಲೇರಿದ್ದನ್ನು ಹಗಲಲ್ಲಿ ವಾಯುಮಂಡಲದ ಒಂದು ಪದರವೇ ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಬಂದು ಇಳಿಯುತ್ತವೆ. ನಮಗೆ ಕನ್ನಡ ಉಳಿದದ್ದು ಒಂದಿಷ್ಟು ತಾಯಿಯಿಂದ, ಒಂದಿಷ್ಟು ಸೂರ್ಯಾಸ್ತದಿಂದ ಎಂದರೆ ವಾಚಕರು ನಗಬಾರದು.

ಬಂದದ್ದನ್ನು ಕೇಳಿದೆವು, ಅದನ್ನು ಆರಿಸಿದವರು ಯಾರು ಎಂದು ಕೇಳಲಿಲ್ಲ. ಈಗ ಕೇಳಬೇಕಾಗಿದೆ.

ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ನಿಲಯವನ್ನು ತೆರೆದಾಗ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ನಿಲಯ ಇದ್ದದ್ದು ಅವರ ಸ್ವಂತ ಮನೆಯಲ್ಲಿ. ಆಯ್ಕೆಯೂ ಅವರದು, ಅವರ ಗೆಳೆಯರದು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಇಪ್ಪತ್ತು ವರ್ಷಕ್ಕೂ ಮೀರಿದ ಮೇಲೆ ದೇಶದ ಸರಕಾರಿ ನಿಲಯಗಳಿಗೆಲ್ಲ ಬಂತು. ಧಾರವಾಡದ ನಿಲಯ 1950ರದು, ಬೆಂಗಳೂರಿನದು 1955ರದು.

ಸರಕಾರದ ಕೈಗೆ ಹೋದಮೇಲೆ ಆಯ್ಕೆಯೂ ಕಡತ ಹತ್ತಿತು. ಯಾವ ಹೊತ್ತಿಗೆ ವಾರ್ತೆ, ಯಾವ ಹೊತ್ತಿಗೆ ಕೃಷಿ, ಯಾವಾಗ ಮಕ್ಕಳ ಕಾರ್ಯಕ್ರಮ ಎಂಬುದಕ್ಕೆ ಮೊದಲೇ ಪಟ್ಟಿ. ಕಚೇರಿಯಲ್ಲಿ ದಿನ ಕಳೆಯುವ ನಾವು ಪಟ್ಟಿಯನ್ನು ಹಳಿಯಲಾರೆವು. ಕೇಳುವವನಿಗೆ ಹೊತ್ತು ತಿಳಿದಿದ್ದರೆ ಅವನು ಬಂದು ಕೂಡುತ್ತಾನೆ. ಸಂಗೀತಕ್ಕೆಂದು ಕುಳಿತವನು ಕುಳಿತಲ್ಲಿಯೇ ಗೊಬ್ಬರದ ಮಾತನ್ನೂ ಕೇಳುತ್ತಾನೆ. ಆದರೆ ಪಟ್ಟಿ ಬರೆಯುವ ಕೈಗೆ ಕೇಳುವ ಕಿವಿಗಿಂತ ಹೆಚ್ಚು ತಿಳಿದಿದೆ ಎಂಬ ಭಾವನೆ ಬಂದಾಗ ತೊಡಕು. ಹಾರ್ಮೋನಿಯಂ ನಮ್ಮ ರಾಗಗಳಿಗೆ ಒಗ್ಗದೆಂದು 1940ರಲ್ಲಿ ಅದನ್ನು ಹೊರಗಿಟ್ಟರು. 1971ರ ಹೊತ್ತಿಗೆ ಒಂದಿಷ್ಟು ಬಾಗಿಲು ತೆರೆದರು. ನಾಟಕದ ಹಾಡು ಪೇಟಿಯಿಲ್ಲದೆ ಏಳುವುದಿಲ್ಲವೆಂದು ಬಲ್ಲ ನಮ್ಮ ಕಡೆಯವರಿಗೆ ಅದು ಎಂಥ ಶಿಕ್ಷೆಯೆಂದು ಹೇಳಬೇಕಾಗಿಲ್ಲ. 1952ರಲ್ಲಿ ಮಂತ್ರಿ ಬಿ. ವಿ. ಕೇಸಕರರು ಚಿತ್ರಗೀತೆಗಳನ್ನು ಬಹುಮಟ್ಟಿಗೆ ನಿಲ್ಲಿಸಿದರು. ಜನ ಸುಮ್ಮನೆ ಕಿವಿ ತಿರುವಿ ರೇಡಿಯೋ ಸಿಲೋನಿಗೆ ಹೋದರು. ಅದೇ ಡಿಸೆಂಬರಿನಲ್ಲಿ ಅಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಹೀಗೆ ಹೋದವರನ್ನು ಕರೆತರಲಿಕ್ಕೆ.

ಕೇಳುವವರನ್ನು ನಿಜವಾಗಿ ಕೇಳಿದ ಪ್ರಯೋಗವೂ ಒಂದಿದೆ, ಅದೂ ನಮ್ಮ ಪುಣೆಯದೇ. 1956ರಲ್ಲಿ ಯುನೆಸ್ಕೋ ನೆರವಿನಿಂದ ಇಲ್ಲಿಯ ನಿಲಯ ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಒಟ್ಟು 20 ಕಾರ್ಯಕ್ರಮ. ಹದಿನೈದಿಪ್ಪತ್ತು ಮಂದಿ ರೇಡಿಯೋದ ಸುತ್ತ ಕುಳಿತು ಕೇಳುವುದು, ಆರಿಸಿದ ಮೇಲೆ ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರುತ್ತಿತ್ತು. ತಾನು ಕೇಳಿದ ಪ್ರಶ್ನೆ ಪೆಟ್ಟಿಗೆಯೊಳಗಿಂದ ಮಾತಾಡಿದಾಗ ಆ ರೈತನ ಮುಖ ಹೇಗಾಗಿರಬೇಕು! ಈ ಮಾದರಿ 1959ರಿಂದ ದೇಶದ ಬೇರೆ ನಿಲಯಗಳಿಗೂ ಹೋಯಿತು. ಕಡೆತನಕ ಬಾಳಲಿಲ್ಲವೆಂಬುದು ಬೇರೆ ಮಾತು.

ಖಾಸಗಿ ಎಫ್. ಎಂ. ಬೆಂಗಳೂರಿನಲ್ಲಿ ಮೊದಲಾದದ್ದು 2001ರ ಜುಲೈಯಲ್ಲಿ. ಇವರಿಗೆ ಸ್ವಂತ ಸುದ್ದಿ ಹೇಳಲು ಅನುಮತಿಯಿಲ್ಲ. ಹಾಡು ಮತ್ತು ಹರಟೆಯೇ ಬಂಡವಾಳ. ಗಂಟೆಯನ್ನು ಗಡಿಯಾರದ ಮುಖದಂತೆ ಹೋಳು ಮಾಡಿ, ಇಲ್ಲಿ ಹೊಸ ಹಾಡು, ಇಲ್ಲಿ ಜಾಹೀರಾತು ಎಂದು ಗುರುತು ಹಾಕುತ್ತಾರೆ. ಹಾಡಿನ ಕೆಲವೇ ಸೆಕೆಂಡಿನ ತುಣುಕು ಕೇಳಿಸಿ, ಹಿಡಿಸಿತೇ ಎಂದು ವಿಚಾರಿಸಿ ಪಟ್ಟಿ ಕಟ್ಟುವುದೂ ಉಂಟು. ಯಾರಿಗೂ ಬೇಸರವಾಗದ್ದನ್ನೇ ಹುಡುಕಿದರೆ ಕೈಗೆ ಹತ್ತುವ ಹಾಡುಗಳು ಕೆಲವೇ, ಅವೇ ಸುತ್ತುತ್ತಿರುತ್ತವೆ. ಕೇಸಕರರು ಜನರಿಗೆ ಬೇಕಾದದ್ದನ್ನು ಕೊಡಲಿಲ್ಲ; ಇವರು ಬೇಕಾದದ್ದನ್ನಲ್ಲದೆ ಬೇರೇನೂ ಕೊಡುವುದಿಲ್ಲ. ನಮ್ಮ ಮಟ್ಟಿಗೆ ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳಲಾರೆವು.

ಈಗ ಧಾರವಾಡವನ್ನು ಕೇಳಲು ಸೂರ್ಯಾಸ್ತ ಕಾಯಬೇಕಾಗಿಲ್ಲ. ಪ್ರಸಾರ ಭಾರತಿಯ ಆ್ಯಪಿನಲ್ಲಿ ನಡು ಮಧ್ಯಾಹ್ನವೂ ಸ್ವಚ್ಛವಾಗಿ ಬರುತ್ತದೆ. ಕರಕರ ಸದ್ದು ಹೋಯಿತು. ಸುತ್ತ ಕೂಡುವ ಮಕ್ಕಳೂ ಹೋದರು.

ಆದ್ದರಿಂದಲೇ ನಮ್ಮ ಸಂಘದ ಸಮಿತಿಯಲ್ಲಿ ಸಮುದಾಯ ರೇಡಿಯೋದ ಮಾತು ಬಂತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಸಂಸ್ಥೆಗಳಿಗೆ ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿಯ ಮೇಲೆಯೇ ‘ನಮ್ಮ ಧ್ವನಿ’ ನಡೆಸಿದ್ದರು. 2006ರ ನೀತಿಯಿಂದ ಸೇವಾಸಂಸ್ಥೆಗಳಿಗೂ ದಾರಿಯಾಯಿತು. ನೂರು ವಾಟಿನ ಪ್ರಸಾರ, ಅರ್ಧದಷ್ಟಾದರೂ ಕಾರ್ಯಕ್ರಮ ಆ ಊರಿನವರಿಂದಲೇ, ಆದಷ್ಟು ಸ್ಥಳೀಯ ಭಾಷೆಯಲ್ಲಿ. ಇಲ್ಲಿಗೆ ಸಭೆ ನಿಂತಿತು. ಪುಣೆಯಲ್ಲಿ ಮೂರು ತಲೆ ಕಳೆದ ಕನ್ನಡ ಸ್ಥಳೀಯವೋ ಅಲ್ಲವೋ? ವಕೀಲರೊಬ್ಬರು ಆದೀತೆಂದರು, ಇನ್ನೊಬ್ಬರು ಆಗದೆಂದರು. ಕೊನೆಗೆ, ಪರವಾನಗಿಯ ಮಾತು ಹಿಂದಿರಲಿ, ಇಲ್ಲಿಯ ನಿಲಯವೊಂದನ್ನು ವಾರಕ್ಕೆ ಅರ್ಧ ಗಂಟೆ ಬೇಡೋಣ, ಮಾದರಿಗೆಂದು ಒಂದು ಕಾರ್ಯಕ್ರಮ ಮುದ್ರಿಸಿಕೊಡೋಣ ಎಂದು ಗೊತ್ತಾಯಿತು.

ಹಾಡಿಗೆ, ಅಡಿಗೆಯ ಮಾತಿಗೆ, ಊರಿನ ನೆನಪಿಗೆ ಹೆಸರು ಕೊಟ್ಟವರು ಬಹಳ. ಎಲ್ಲರೂ ಐವತ್ತು ದಾಟಿದವರು. ಎಳೆಯ ದನಿ ಒಂದಾದರೂ ಬೇಕೆಂದು ನಮ್ಮ ಮನೆಯ ಹುಡುಗಿಯನ್ನು ಕೇಳಿದೆವು. ಅವಳು ಕೂಡಲೇ ಒಪ್ಪಿದಳು. “ನಾ ಓದ್ತೀನಪ್ಪಾ. ಆದ್ರ ನನಗ ಮರಾಠಿ ಅಕ್ಷರದಾಗ ಬರದು ಕೊಡ್ರಿ.”

ಆ ರಾತ್ರಿ ಕುಳಿತು ಎರಡು ಪುಟ ಕನ್ನಡವನ್ನು ಮರಾಠಿ ಲಿಪಿಯಲ್ಲಿ ಬರೆದೆವು.