ಇಸ್ತ್ರಿ ಪೆಟ್ಟಿಗೆಯ ತಳ ನೋಡಿದವರುಂಟೇ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮರದ ನೆರಳಿಗೊಂದು ಇಸ್ತ್ರಿ ಗಾಡಿ ಈಗಲೂ ಸಿಗುತ್ತದೆ. ಗ್ಯಾಸಿನ ಪೆಟ್ಟಿಗೆಗಳು ಬಂದಿವೆ, ಆದರೂ ಕೆಂಡ ತುಂಬಿದ ಭಾರದ ಪೆಟ್ಟಿಗೆ ಪೂರ್ತಿ ಮರೆಯಾಗಿಲ್ಲ. ಅಲ್ಲಿ ಐದು ನಿಮಿಷ ನಿಂತು ನೋಡಿ. ಅಂಗಿಗೆ ತಾಗಿಸುವ ಮೊದಲು ಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲೊಮ್ಮೆ ಎಳೆಯುತ್ತಾರೆ. ಅಂಟಿದ ಬೂದಿ, ಮಸಿ ಹೋಗುತ್ತದೆ. ಚುಯ್ ಎನ್ನುವ ಸದ್ದಿನಲ್ಲೇ ಕಾವಿನ ಅಂದಾಜೂ ಸಿಗುತ್ತದೆ. ಬಾಳೆ ಎಲೆ ಸಿಕ್ಕರೆ ಅದರ ಮೇಲೆ ಉಜ್ಜುವವರೂ ಇದ್ದಾರೆ. ಎಲೆಯ ಮೇಲಿನ ಮೇಣದ ಪದರ ತಳಕ್ಕೆ ನುಣುಪು ಕೊಡುತ್ತದೆ. ಮನೆಯ ಪೆಟ್ಟಿಗೆಗೆ ಇಂಥ ಭಾಗ್ಯವಿಲ್ಲ. ಬಿಳಿ ಅಂಗಿಯ ಮೇಲೆ ಕಂದು ಗೆರೆ ಬಿದ್ದ ದಿನವೇ ನಾವು ಅದನ್ನು ತಿರುಗಿಸಿ ನೋಡುವುದು.

ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ಒಳಗೆ ಅಂಥ ಗುಟ್ಟೇನಿಲ್ಲ. ಹಳೆಯವುಗಳಲ್ಲಿ ಕಾಗೆಬಂಗಾರದ ಹಾಳೆಗೆ ಸುತ್ತಿದ ನೈಕ್ರೋಮ್ ತಂತಿ. ಈಗಿನ ಬಹುತೇಕ ಪೆಟ್ಟಿಗೆಗಳಲ್ಲಿ ಅಲ್ಯೂಮಿನಿಯಂ ತಳದೊಳಗೇ ಎರಕವಾಗಿ ಕೂತ ಕಾಯಿಲ್. ಎರಡು ಲೋಹ ಬೆಸೆದ ಪಟ್ಟಿಯೊಂದು ಕಾವೇರಿದಾಗ ಬಾಗಿ ಕರೆಂಟು ಕಡಿಯುತ್ತದೆ, ತಣಿದಾಗ ಮತ್ತೆ ಜೋಡಿಸುತ್ತದೆ. ಆಗಾಗ ಕೇಳುವ ‘ಟಿಕ್’ ಅದರದೇ.

ತಳಕ್ಕೆ ಹಿಡಿಯುವ ಕರೆಯಲ್ಲಿ ಮುಖ್ಯವಾಗಿ ಎರಡು ಜಾತಿ, ಎರಡಕ್ಕೂ ಮದ್ದು ಬೇರೆ. ಸೀದ ಗಂಜಿಯಾದರೆ ಪ್ಲಗ್ ತೆಗೆದು ಪೆಟ್ಟಿಗೆ ಪೂರ್ತಿ ಆರಲಿ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ತೆಳುವಾಗಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ನೈಲಾನ್, ಪಾಲಿಯೆಸ್ಟರ್ ಕರಗಿ ಅಂಟಿದ್ದರೆ ಲೆಕ್ಕ ತಿರುಗುಮುರುಗು: ತಣ್ಣಗಿದ್ದಾಗ ಅದು ಕಲ್ಲು. ಪೆಟ್ಟಿಗೆಯನ್ನು ತುಸು ಕಾಯಿಸಿ, ಪ್ಲಗ್ ಕಿತ್ತು, ಮೆತ್ತಗಾದ ಪದರವನ್ನು ಮರದ ಮಗುಚುವ ಕೈಯ ಅಂಚಿನಿಂದ ನಿಧಾನಕ್ಕೆ ತಳ್ಳಬೇಕು. ಉಳಿದದ್ದು ಹಳೆಯ ಹತ್ತಿ ಬಟ್ಟೆಯ ಮೇಲೆ ಎಳೆದರೆ ಹೋಗುತ್ತದೆ. ಚಾಕು, ಬ್ಲೇಡು, ಪಾತ್ರೆ ತಿಕ್ಕುವ ತಂತಿ ನಾರು ಬೇಡವೇ ಬೇಡ. ನಾನ್‌ಸ್ಟಿಕ್ ಲೇಪನ ಒಮ್ಮೆ ಗೀರಿತೆಂದರೆ ಮುಂದಿನ ಕರೆ ಹಿಡಿಯುವುದು ಅಲ್ಲೇ. ರೇಷ್ಮೆ ಸೀರೆಯ ಜರಿ ಎಳೆ ಸಿಕ್ಕಿಕೊಳ್ಳುವುದಕ್ಕೂ ಅಷ್ಟು ಗೀರು ಸಾಕು.

ಬಿಸಿ ತಳಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಉಜ್ಜುವ ಉಪಾಯ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಸುಳ್ಳೇನಲ್ಲ. ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಮಾತ್ರೆ ಕರೆಯನ್ನು ಸಡಿಲಿಸುತ್ತದೆ. ಆದರೆ ಬೆರಳು ಸುಟ್ಟುಕೊಂಡು, ಆ ಹೊಗೆ ಕುಡಿದು ಮಾಡುವಂಥ ಘನಕಾರ್ಯ ಇದಲ್ಲ. ಜ್ವರದ ಮಾತ್ರೆ ಜ್ವರಕ್ಕಿರಲಿ.

ಸ್ಟೀಮ್ ಪೆಟ್ಟಿಗೆಯ ಶತ್ರು ಬೋರ್‌ವೆಲ್ ನೀರು. ನೀರು ಆವಿಯಾಗಿ ಹೋದರೂ ಅದರಲ್ಲಿದ್ದ ಸುಣ್ಣದಂಶ ಒಳಗೇ ಉಳಿದು ತೂತುಗಳನ್ನು ಕಟ್ಟುತ್ತದೆ. ಒಂದು ದಿನ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಹುಡಿಯಾಗಿ ಉದುರುತ್ತದೆ. ಗಡಸು ನೀರಿನ ಊರಲ್ಲಿ ಶುದ್ಧೀಕರಿಸಿದ ನೀರೇ ವಾಸಿ. ವಿನೆಗರ್ ಸುರಿಯುವ ಮುನ್ನ ಪೆಟ್ಟಿಗೆಯ ಜೊತೆ ಬಂದ ಕೈಪಿಡಿ ನೋಡಿ. ಕೆಲವು ಕಂಪನಿಯವರು ಅದನ್ನು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ನೀರು ಬಿಡಬೇಡಿ.

ತಳದಷ್ಟೇ ಕಣ್ಣಿಡಬೇಕಾದದ್ದು ವೈರಿನ ಮೇಲೆ. ಹಿಡಿಯೊಳಗೆ ಹೋಗುವ ಜಾಗದಲ್ಲಿ ಬಾಗಿ ಬಾಗಿ ಅದು ಒಳಗೇ ತುಂಡಾಗುತ್ತದೆ. ಹೊರಗೆ ಏನೂ ಕಾಣದು. ಪೆಟ್ಟಿಗೆ ಒಂದು ಕಡೆ ಓರೆ ಹಿಡಿದರೆ ಉರಿಯುತ್ತದೆ, ಬಿಟ್ಟರೆ ಇಲ್ಲ. ಬಿಸಿ ಆರುವ ಮೊದಲೇ ವೈರನ್ನು ಪೆಟ್ಟಿಗೆಗೆ ಬಿಗಿಯಾಗಿ ಸುತ್ತಿಡುವ ಅಭ್ಯಾಸ ಇದಕ್ಕೆ ಇನ್ನಷ್ಟು ಕುಮ್ಮಕ್ಕು. ಮುಟ್ಟಿದಾಗ ಸಣ್ಣಗೆ ಜುಮ್ ಎಂದರೆ ಅಂದೇ ರಿಪೇರಿ ಅಂಗಡಿಗೆ ಒಯ್ಯಿರಿ, ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ತ್ ಇದೆಯೇ ಎಂದೂ ನೋಡಿಸಿ. ಹೊಸ ವೈರ್ ಹಾಕಿಸುವುದಾದರೆ ಹತ್ತಿ ನೂಲಿನ ಹೆಣಿಗೆಯದನ್ನೇ ಕೇಳಿ. ಬರೀ ಪ್ಲಾಸ್ಟಿಕ್ ಹೊದಿಕೆಯ ವೈರ್ ಬಿಸಿ ತಳಕ್ಕೆ ತಾಗಿದರೆ ಕರಗುತ್ತದೆ.