ಫೋರಂ ಅಂದ್ರೆ ಫೋರಂ

"ಫೋರಂ, ಫೋರಂ! ಇಳಿಯೋರು ಮುಂದೆ ಬನ್ರೀ." ಆಡುಗೋಡಿ ದಾಟಿ ಹೊಸೂರು ರಸ್ತೆಯಲ್ಲಿ ತೆವಳುತ್ತಿದ್ದ ಬಸ್ಸಿನಿಂದ ಇಳಿದು ತಲೆಯೆತ್ತಿದರೆ ಕಟ್ಟಡದ ಮೇಲೆ ಬೇರೆಯದೇ ಹೆಸರು: ನೆಕ್ಸಸ್. ಮಾಲು ಕೈ ಬದಲಾಯಿಸಿದ ಮೇಲೆ 2022ರಲ್ಲಿ ಬೋರ್ಡೂ ಬದಲಾಯಿತು. ಕಂಡಕ್ಟರಿಗೆ, ಆಟೋದವರಿಗೆ, ನನಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕೋರಮಂಗಲದ ಈ ಮಾಲ್ ಶುರುವಾದದ್ದು 2004ರಲ್ಲಿ. ಬೆಂಗಳೂರಿಗೆ ಆಗ ಮಾಲ್ ಎಂಬ ಮಾತೇ ಹೊಸದು. ಕ್ಲಾಸಿಗೆ ಚಕ್ಕರ್ ಹೊಡೆದು ಬರುತ್ತಿದ್ದ ನಮಗೆ ಏನನ್ನೂ ಕೊಳ್ಳುವ ಉದ್ದೇಶವಿರಲಿಲ್ಲ, ಜೇಬಿನಲ್ಲಿ ದುಡ್ಡೂ ಇರಲಿಲ್ಲ. ಎಸಿ ಪುಕ್ಕಟೆ. ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿಯಲ್ಲಿ ನಿಂತೇ ಅರ್ಧ ಕಾದಂಬರಿ ಮುಗಿಸುವುದೂ ಪುಕ್ಕಟೆ. ಆ ಅಂಗಡಿ ಈಗಿಲ್ಲ.

ಬಾಗಿಲಲ್ಲಿ ಚೀಲ ತೋರಿಸಿ ಒಳಗೆ ಹೋದೆ. ಎಸ್ಕಲೇಟರಿನ ಬುಡದಲ್ಲಿ ಒಬ್ಬ ಅಜ್ಜಿ ಎಡಗೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಮೆಟ್ಟಿಲುಗಳು ನೆಲದಿಂದ ಮೂಡಿ ಮೂಡಿ ಮೇಲೆ ಹೋಗುವುದನ್ನೇ ನೋಡುತ್ತ ನಿಂತಿದ್ದರು. "ಬಲಗಾಲಿಟ್ಟು ಬಾ ಅಜ್ಜಿ" ಅಂದ ಮೊಮ್ಮಗ. "ಅದನ್ನ ನಿನ್ ಹೆಂಡ್ತಿಗೆ ಹೇಳು, ಬಂದಾಗ" ಅಂದವರು ಕೊನೆಗೆ ಎಡಗಾಲನ್ನೇ ಇಟ್ಟರು. ಹಿಂದೆ ಆರೇಳು ಮಂದಿ ಕಾಯುತ್ತಿದ್ದೆವು. ಯಾರೂ ಗೊಣಗಲಿಲ್ಲ.

ಬಟ್ಟೆಯಂಗಡಿಗಳ ಬಗ್ಗೆ ಹೇಳುವುದೇನಿಲ್ಲ, ಎಲ್ಲ ಮಾಲುಗಳಲ್ಲೂ ಇರುವವೇ. ನನ್ನ ಮಟ್ಟಿಗೆ ಫೋರಂ ಎಂದರೆ ಮೇಲಿನ ಪಿವಿಆರ್, ಅದರ 11 ಪರದೆಗಳು. ಅಲ್ಲಿ ಟಿಕೆಟ್ ಕೌಂಟರಿನ ಮುಂದೆ ನಿಂತಾಗ ನಾವು, ಜಯನಗರ ಬಸವನಗುಡಿ ಕಡೆಯ ಹುಡುಗರು, ಇಂಗ್ಲಿಷನ್ನು ಹುಡುಕಿ ಹುಡುಕಿ ಆಡುತ್ತಿದ್ದೆವು. ಹಾಗೇ ಆಡಬೇಕು ಎಂದು ಯಾರೂ ಹೇಳಿರಲಿಲ್ಲ; ಆ ಹೊಳೆಯುವ ನೆಲವೇ ಹೇಳಿದಂತಿತ್ತು. 2006ರ ಡಿಸೆಂಬರ್ ಕೊನೆಯಲ್ಲಿ ಬಂತು 'ಮುಂಗಾರು ಮಳೆ'. ಯೋಗರಾಜ್ ಭಟ್ಟರ ಈ ಸಿನಿಮಾ ಪಿವಿಆರ್‌ನಲ್ಲಿ ವರ್ಷ ದಾಟಿ ಓಡಿತು. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾ ಅಷ್ಟು ದಿನ ನಿಂತೀತೆಂದು ಯಾರು ಅಂದುಕೊಂಡಿದ್ದರು! ಗಾಂಧಿನಗರದ ಶಿಳ್ಳೆ ಪಾಪ್‌ಕಾರ್ನ್ ಘಮದ ನಡುವೆ ಕೇಳಿತು. "ಎರಡು ಮುಂಗಾರು ಮಳೆ ಕೊಡಿ" ಎಂದು ನಾವು ಜೋರಾಗಿಯೇ ಕೇಳತೊಡಗಿದ್ದು ಆಗ. ಅದೇ ಸಿನಿಮಾವನ್ನು ಮೂರು ಸಲ ನೋಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಹೊರಬಂದಾಗ ಸಂಜೆ. ಮುಂದಿನ ಮೆಟ್ಟಿಲ ಹತ್ತಿರ, ನಾವು ಕಾಯುತ್ತಿದ್ದಲ್ಲೇ, ಒಬ್ಬ ಹುಡುಗ ಫೋನಿನಲ್ಲಿ ಬೈಯುತ್ತಿದ್ದ: "ಫೋರಂ ಮುಂದೆನೇ ಇದೀನಿ ಕಣೋ, ಎಲ್ಲಿ ಸತ್ತೆ?" ಹೆಚ್ಚೆಂದರೆ ಹದಿನೆಂಟು ವಯಸ್ಸು. ಆ ಬೋರ್ಡು ಕೆಳಗಿಳಿದಾಗ ಅವನಿನ್ನೂ ಹೈಸ್ಕೂಲು.